ಅಂಗೈಯಷ್ಟು ಜಾಗ

ಸ್ಟೈರೀನ್ ವಾಸನೆ ಸಿಹಿಯೂ ಅಲ್ಲ, ಘಾಟೂ ಅಲ್ಲ. ಎರಡರ ನಡುವೆ ಎಲ್ಲೋ ಇದ್ದು, ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಬೋಟಿಗೆ ಹಚ್ಚುವ ರೆಸಿನ್ ಎಂಬ ಅಂಟಿನಲ್ಲಿ ಅದು ಇರುತ್ತದೆ. ಹೋದ ತಿಂಗಳು ಗಂಗೊಳ್ಳಿಯ ಹೊಳೆಬದಿಯಲ್ಲಿ ಅಪ್ಪಯ್ಯನ ಶೆಡ್ಡಿನ ಬೀಗ ತೆಗೆದಾಗ ಅದೇ ವಾಸನೆ ಬಂತು. ಶೆಡ್ಡು ಮುಚ್ಚಿ ಐದಾರು ವರ್ಷವಾಗಿತ್ತು. ಅಪ್ಪಯ್ಯ ತೀರಿಕೊಂಡು ಒಂದು ವರ್ಷ. ಜಾಗದವರು ಶೆಡ್ಡು ಕೀಳುತ್ತೇವೆ, ಸಾಮಾನು ಏನಾದರೂ ಇದ್ದರೆ ತೆಗೆದುಕೊಂಡು ಹೋಗಿ ಎಂದು ತಿಳಿಸಿದ್ದರಿಂದ ನಾನು ರಜೆ ಹಾಕಿ ಬಂದಿದ್ದೆ. ಇಷ್ಟು ಕಾಲ ಮುಚ್ಚಿದ ಜಾಗದಲ್ಲಿ ಸ್ಟೈರೀನ್ ಉಳಿದಿರಲು ಸಾಧ್ಯವೇ ಎಂದು ಬಾಗಿಲಲ್ಲೇ ನಿಂತು ಯೋಚಿಸಿದೆ. ಮೂಲೆಯಲ್ಲಿ ಅರ್ಧ ತುಂಬಿದ ಒಂದು ಡಬ್ಬಿ ಇತ್ತು. ಅದರ ಮುಚ್ಚಳ ತುಕ್ಕು ಹಿಡಿದು ಬಿರಿದಿತ್ತು. ಕಾರಣ ಸಿಕ್ಕಿತು. ಸಿಕ್ಕಿದ ಮೇಲೂ ಕಾಲು ಒಳಗೆ ಹೋಗಲಿಲ್ಲ.

ನಾನು ಆ ಶೆಡ್ಡಿನಲ್ಲಿ ಕೆಲಸ ಮಾಡಿದ್ದು ಒಂದೇ ಒಂದು ಮಳೆಗಾಲ. ಏಳು ವರ್ಷದ ಹಿಂದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿದಿತ್ತು, ಪಿಎಚ್.ಡಿ.ಗೆ ಸೀಟು ಸಿಕ್ಕಿತ್ತು, ಸೇರುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಜೂನ್ ಬಂತೆಂದರೆ ದೊಡ್ಡ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಎಲ್ಲವನ್ನೂ ಮೇಲಕ್ಕೆಳೆದು ನಿಲ್ಲಿಸುತ್ತಾರೆ. ಮರದ ಬೋಟಿನ ಹೊಟ್ಟೆಯ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ಪದರ ಹಾಕುವ ಕೆಲಸ ಆಗ ನಡೆಯುತ್ತದೆ. ‘ಫೈಬರ್ ಹೊಡೆಯುವುದು’ ಎನ್ನುತ್ತಾರೆ. ಅಪ್ಪಯ್ಯ ಆ ಕೆಲಸದ ಮೇಸ್ತ್ರಿ. ಅವರು ಫೈಬರ್ ಹೊಡೆದ ಬೋಟಿಗೆ ಎಂಟು ವರ್ಷ ನೀರಿನ ಚಿಂತೆಯಿಲ್ಲ ಎಂಬುದು ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಎಲ್ಲರೂ ಹೇಳುವ ಮಾತು. ಅಷ್ಟಕ್ಕೇ ಬಿಡದೆ, ಅಂಥ ಬೋಟಿಗೆ ಮೀನೂ ಹೆಚ್ಚು ಬೀಳುತ್ತದೆ ಎನ್ನುತ್ತಿದ್ದರು. “ಮೇಸ್ತ್ರಿ ಕೈಗುಣ” ಎನ್ನುತ್ತಿದ್ದರು. ಔಷಧಿ ಕೊಡುವವರಿಗೆ, ಬೀಜ ಹಾಕುವವರಿಗೆ ಹೇಳುವ ಮಾತನ್ನು ನಮ್ಮ ಊರಿನಲ್ಲಿ ಅಪ್ಪಯ್ಯನೊಬ್ಬರಿಗೆ ರೆಸಿನ್ನಿನ ವಿಷಯದಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿದರೆ ಅಪ್ಪಯ್ಯ ತಲೆ ಮೇಲಿನ ಮುಂಡಾಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು.

ಆ ವರ್ಷ ಅವರ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದ ಆಳು ಸೊಂಟನೋವೆಂದು ಬಿಟ್ಟಿದ್ದ. ಹೊಸ ಜನ ಸಿಗಲಿಲ್ಲ. ನಾನು ಬರುತ್ತೇನೆ ಎಂದೆ. ಅಮ್ಮನನ್ನು ನಾನು ಅಬ್ಬಿ ಎನ್ನುತ್ತೇನೆ. ಅಬ್ಬಿಗೆ ಇಷ್ಟವಿರಲಿಲ್ಲ. ಅಪ್ಪಯ್ಯ ಒಂದು ದಿನ ಯೋಚಿಸಿ ಒಪ್ಪಿದರು.

ತಲ್ಲೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗುತ್ತಿದ್ದೆವು. ಆ ವರ್ಷದ ಮೊದಲ ದೊಡ್ಡ ಕೆಲಸ ಶೀನಣ್ಣನ ಬೋಟು. ಶೀನಣ್ಣ ಅಪ್ಪಯ್ಯನಿಗಿಂತ ಹತ್ತು ವರ್ಷ ಚಿಕ್ಕವರು. ಬಾಯಿ ಜೋರು, ಮನಸ್ಸು ಒಳ್ಳೆಯದು. ನಾನು ಮೊದಲ ದಿನ ಹಳೆ ಅಂಗಿ ತೊಟ್ಟು ಬೋಟಿನ ಕೆಳಗೆ ಕುಳಿತಿದ್ದನ್ನು ನೋಡಿ ಹೊಳೆಬದಿಯಿಂದಲೇ ಕೂಗಿದರು.

“ಹ್ವಾಯ್ ಮೇಸ್ತ್ರಿ, ಎಮ್ಮೆಸ್ಸಿ ಮಾಡ್ದ್ ಹೆಣ್ಣ್ ಫೈಬರ್ ಹೊಡೂಕೆ ಬಂತಾ? ಇನ್ ನನ್ ಬೋಟ್ ಇಂಗ್ಲೀಷ್ ಮಾತಾಡ್ತೊ ಎಂತದೊ!”

“ಅಡ್ಡಿಲ್ಲೆ ಶೀನಣ್ಣ,” ಎಂದರು ಅಪ್ಪಯ್ಯ. “ಯಾವ್ ಭಾಷಿ ಆರೂ ಆಯ್ತ್, ನೀರ್ ಒಳ್ಗ್ ಬಾರ್ದೆ ಇದ್ರೆ ಸಾಕಲ್ದಾ?”

ಅಡ್ಡಿಲ್ಲೆ ಎಂಬುದು ಅಪ್ಪಯ್ಯ ಎಲ್ಲದಕ್ಕೂ ಹೇಳುತ್ತಿದ್ದ ಮಾತು. ಊಟಕ್ಕೆ ಸಾರು ಸಾಕಾಗದಿದ್ದರೂ ಅಡ್ಡಿಲ್ಲೆ, ಬಸ್ಸು ತಪ್ಪಿದರೂ ಅಡ್ಡಿಲ್ಲೆ.

ಕೆಲಸ ನಾನು ಅಂದುಕೊಂಡಷ್ಟು ಒರಟಲ್ಲ, ನಾಜೂಕಿನದು. ರೆಸಿನ್ನಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಎಷ್ಟು ಹಾಕಬೇಕೆಂಬುದು ಆ ದಿನದ ಮಳೆ, ಗಾಳಿ, ಸೆಕೆ ನೋಡಿ ತೀರ್ಮಾನವಾಗಬೇಕು. ಅಪ್ಪಯ್ಯ ಅದನ್ನು ಬಾಯಿಲೆಕ್ಕದಲ್ಲಿ ಮಾಡುತ್ತಿದ್ದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಗಂಟೆ, ಉಷ್ಣತೆ, ಮಳೆ ಇತ್ತೇ ಇಲ್ಲವೇ, ರೆಸಿನ್ ಎಷ್ಟು, ಗಟ್ಟಿಯಾಗಲು ಎಷ್ಟು ಹೊತ್ತು, ಬೋಟಿನ ಯಾವ ಭಾಗ, ಯಾರು ಏನು ಮಾಡಿದ್ದು. ಅಪ್ಪಯ್ಯ ಚಾ ಕುಡಿಯಲು ಬಂದವರಿಗೆಲ್ಲ ತೋರಿಸುತ್ತಿದ್ದರು.

“ಕಾಣಿ ಮರ್ರೆ, ನನ್ ಮಗಳ್ ರೆಸಿನ್ನಿಗ್ ಜಾತ್ಕ ಬರೀತಾ ಇತ್ತ್.”

ನಗುತ್ತಿದ್ದರು. ಆದರೆ ಎರಡನೇ ವಾರದಿಂದ ಅವರೇ ಕೇಳತೊಡಗಿದರು. “ನಿನ್ನೆ ಇಷ್ಟೇ ಹೊತ್ತಿಗ್ ಎಷ್ಟ್ ಹಾಕಿತ್ತ್ ಮಗಾ? ಜಾತ್ಕ ತೆಗಿ.”

ಅವರು ನನಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದು ಪದರಕ್ಕೂ ಇನ್ನೊಂದು ಪದರಕ್ಕೂ ನಡುವಿನ ಕೆಲಸ. ಗಟ್ಟಿಯಾದ ಪದರವನ್ನು ಗ್ರೈಂಡರಿನಿಂದ ಉಜ್ಜಿ ಒರಟು ಮಾಡಬೇಕು, ಬಿಳಿ ಧೂಳನ್ನು ಪೂರ್ತಿ ತೆಗೆಯಬೇಕು, ಆಮೇಲೆ ಮುಂದಿನ ಮ್ಯಾಟ್. ಧೂಳನ್ನು ಬಟ್ಟೆಯಿಂದ ಒರೆಸಿದ ಮೇಲೆ ಕೊನೆಗೊಮ್ಮೆ ಅವರು ಬರಿ ಅಂಗೈಯಿಂದ ಇಡೀ ಜಾಗವನ್ನು ಸವರುತ್ತಿದ್ದರು.

“ಬಟ್ಟಿಗ್ ಗೊತ್ತಾತಿಲ್ಲೆ. ಅಂಗೈಗ್ ಗೊತ್ತಾತ್ತ್,” ಎಂದು ನನ್ನ ಕೈ ಹಿಡಿದು ಬೋಟಿನ ಮೈ ಮೇಲೆ ಇಟ್ಟರು. “ಒಂದ್ ಪದ್ರ ಇನ್ನೊಂದನ್ ಹಿಡ್ಕಂಬುದ್ ಮೇಲಿನ್ ಚರ್ಮದಂಗೆ ಮಾತ್ರ. ಒಳ್ಗ್ ಎಷ್ಟ್ ಗಟ್ಟಿ ಇದ್ರೂ ಪ್ರಯೋಜ್ನ ಇಲ್ಲೆ. ಶೆಡ್ಡಿಗ್ ಬಪ್ಪತಿಗೆ ತಲಿಗೂ ಎಣ್ಣೆ ಹಾಕುಕಾಗ, ತಿಳಿತಾ?”

ಅವರ ಅಂಗೈ ಒಣಗಿದ ಮರದ ಹಲಗೆಯಂತಿತ್ತು. ಅಬ್ಬಿ ಮಾತ್ರ ನನ್ನ ಅಂಗೈ ಹಾಗಾಗುತ್ತಿರುವುದನ್ನು ನೋಡಿ ದಿನವೂ ಗೊಣಗುತ್ತಿದ್ದಳು. ಗಾಜಿನ ನಾರು ಚುಚ್ಚಿ ಬೆರಳ ಸಂದಿ ಕೆಂಪಾಗಿರುತ್ತಿತ್ತು. ತಿನ್ನರಿನಲ್ಲಿ ತೊಳೆದು ತೊಳೆದು ಚರ್ಮ ಬಿರಿದಿತ್ತು.

ಜುಲೈ ಮೊದಲ ವಾರದಲ್ಲಿ ಒಂದು ದಿನ ಬೈಂದೂರಿನಿಂದ ನನ್ನನ್ನು ನೋಡಲು ಬರುವವರಿದ್ದರು. ಸಂಜೆ ಐದಕ್ಕೆ ಬರುತ್ತೇವೆ ಎಂದಿದ್ದರು. ಮಧ್ಯಾಹ್ನದವರೆಗೆ ಶೆಡ್ಡಿನಲ್ಲಿದ್ದು ಬರುತ್ತೇನೆ ಎಂದೆ. ಶೀನಣ್ಣನ ಬೋಟಿನ ಬಲಬದಿಗೆ ಎರಡನೇ ಪದರ ಹಾಕುವ ದಿನ ಅದು. ಹಾರ್ಡನರ್ ಮುಗಿದಿತ್ತು. ಕುಂದಾಪುರದ ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಅಪ್ಪಯ್ಯ ಬೆಳಗಿನ ಮೊದಲ ಬಸ್ಸಿಗೇ ಬ್ರಹ್ಮಾವರಕ್ಕೆ ಹೊರಟಿದ್ದರು. ಹೊರಡುವಾಗ, “ನಾ ಬಪ್ಪೊಳ್ಗೆ ಧೂಳ್ ತೆಗ್ದ್ ಇಡ್ ಮಗಾ. ಮಳೆ ಬಿಟ್ಟ್ ಹೊತ್ತಿಗೆ ಹೊಡ್ಕ್,” ಎಂದು ಹೇಳಿ ಹೋದರು.

ನಾನು ಅಂಗಳ ದಾಟುವ ಹೊತ್ತಿಗೆ ಅಬ್ಬಿ ಎಣ್ಣೆ ಬಾಟಲಿ ಹಿಡಿದು ಬಂದಳು.

“ಕೈ ಕೊಡ್ ಇಲ್ಲ್.”

“ಈಗ ಬ್ಯಾಡ ಅಬ್ಬಿ. ಸಂಜಿಗ್ ಬಂದ್ ಹಚ್ಕಂತೆ.”

“ಸಂಜಿಗ್ ಹಚ್ರೆ ಒಂದ್ ಗಳಿಗಿಯಂಗೆ ಕೈ ನೆಟ್ಟಗಾತ್ತಾ? ಹಲ್ಸಿನ್ ಸಿಪ್ಪಿ ಆಯಿತ್ತ್ ಕಾಣ್. ಬಪ್ಪರಿಗ್ ಚಾ ಕೊಡ್ವತಿಗೆ ಅವ್ರ್ ಮೊದ್ಲ್ ಕಾಂಬುದೇ ಕೈ.”

“ಅಪ್ಪಯ್ಯ ಎಣ್ಣೆ ಮುಟ್ಟುಕಾಗ ಅಂದಿರ್.”

“ಅವ್ರಿಗ್ ಬೋಟಿನ್ ಮೈ ಚಿಂತಿ. ಮಗಳ್ ಮೈ ಚಿಂತಿ ನಂಗ್,” ಎಂದು ಅಬ್ಬಿ ನನ್ನ ಎರಡೂ ಅಂಗೈಗೆ ಎಣ್ಣೆ ಸುರಿದು, ಒಂದೊಂದು ಬೆರಳನ್ನೂ ಹಿಡಿದು, ಬುಡದಿಂದ ತುದಿಯವರೆಗೆ ನೀವಿದಳು. ನಮ್ಮದೇ ಮರದ ಕಾಯಿ, ಅವಳೇ ಒಣಗಿಸಿ ಗಾಣಕ್ಕೆ ಕೊಟ್ಟು ಮಾಡಿಸಿದ ಎಣ್ಣೆ. ಬಿರಿದ ಚರ್ಮಕ್ಕೆ ಅದು ತಾಗಿದಾಗ ಎಷ್ಟು ಹಿತವಾಗಿತ್ತೆಂದರೆ ನಾನು ಕೈ ಹಿಂದಕ್ಕೆ ಎಳೆಯಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಓಡಿದೆ.

ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಕೈ ತೊಳೆದೆ. ಸಾಬೂನು ಮುಗಿದಿತ್ತು. ಮರಳು ಹಾಕಿ ಉಜ್ಜಿಕೊಂಡು, ಬೈರಾಸಿನಿಂದ ಒರೆಸಿಕೊಂಡೆ. ಕೈ ಒಣಗಿದೆ ಅನ್ನಿಸಿತು. ಎಣ್ಣೆ ಬರಿ ನೀರಿಗೆ ಹೋಗುವುದಿಲ್ಲ ಎಂಬುದನ್ನು ನಾನು ಶಾಲೆಯಲ್ಲೇ ಓದಿದ್ದೆ. ಕಾಲೇಜಿನಲ್ಲಿ ಅದು ಯಾಕೆ ಹೋಗುವುದಿಲ್ಲ ಎಂದು ಎರಡು ಪುಟ ಬರೆದು ಅಂಕ ತೆಗೆದುಕೊಂಡಿದ್ದೆ. ಬೋಟಿನ ಬಲಬದಿಯ ಧೂಳನ್ನು ಬಟ್ಟೆಯಿಂದ ತೆಗೆದೆ, ಆಮೇಲೆ ಅಪ್ಪಯ್ಯ ಕಲಿಸಿದಂತೆ ಅಂಗೈಯಿಂದ ಮೂರು ಅಡಿ ಉದ್ದಕ್ಕೂ ಸವರಿ ನೋಡಿದೆ. ನುಣುಪಾಗಿತ್ತು. ಒಂದು ಕಣ ಧೂಳಿರಲಿಲ್ಲ. ನನಗೆ ಹೆಮ್ಮೆಯೂ ಆಯಿತು.

ಹನ್ನೊಂದಕ್ಕೆ ಅಪ್ಪಯ್ಯ ಬಂದರು. ಮಳೆ ಬಿಟ್ಟಿತ್ತು. ಇಬ್ಬರೂ ಸೇರಿ ಮ್ಯಾಟ್ ಹಾಸಿ ಮುಗಿಸಿದೆವು. ನೋಟ್‌ಬುಕ್ಕಿನಲ್ಲಿ ಗಂಟೆ ಬರೆದೆ, ಹಾರ್ಡನರ್ ಬರೆದೆ, ‘ಬಲಬದಿ, ಮೂತಿಯಿಂದ ನಾಲ್ಕನೇ ಹಲಗೆಯ ಕೆಳಗೆ, ಧೂಳು ತೆಗೆದದ್ದು ನಾನು’ ಎಂದು ಬರೆದೆ. ಎಣ್ಣೆಯ ವಿಷಯ ಬರೆಯಲಿಲ್ಲ. ಬರೆಯುವಂಥ ವಿಷಯ ಎಂದು ಅನ್ನಿಸಲೇ ಇಲ್ಲ.

ಸಂಜೆ ಬೈಂದೂರಿನವರು ಬಂದು, ಚಾ ಕುಡಿದು, ಹೆಣ್ಣು ಓದಿದ್ದು ಹೆಚ್ಚಾಯಿತು ಎಂದು ಆಮೇಲೆ ಹೇಳಿ ಕಳಿಸಿದರು. ನನ್ನ ಕೈಯನ್ನು ಅವರಲ್ಲಿ ಯಾರೂ ನೋಡಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಶೀನಣ್ಣನ ಬೋಟು ಇಳಿದು ಒಂಬತ್ತು ದಿನವಾಗಿತ್ತು. ಬೈಂದೂರು ದಾಟಿ ಶಿರೂರಿನ ಎದುರು ಬಲೆ ಹಾಕಿದ್ದಾಗ, ದೊಡ್ಡ ಅಲೆಗೆ ಬಲಬದಿಯ ಫೈಬರ್ ಎದ್ದಿತು. ಒಂದು ಕಡೆ ಎದ್ದ ಪದರ ನೀರಿನ ಹೊಡೆತಕ್ಕೆ ಉದ್ದಕ್ಕೂ ಸೀಳಿಕೊಂಡು ಹೋಗಿ, ಹಳೆಯ ಹಲಗೆಯ ಸಂದಿನಿಂದ ನೀರು ನುಗ್ಗಿತು. ಬಲೆ ಕತ್ತರಿಸಿ ಕಡಲಿಗೇ ಬಿಟ್ಟು, ಆರು ಜನ ನೀರು ತೋಡುತ್ತ, ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆಯುತ್ತ ದಕ್ಕೆಗೆ ಬಂದು ಮುಟ್ಟಿದರು. ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು ಎಂಬುದು ಆ ಆರೂ ಜನರ ಮುಖದಲ್ಲಿತ್ತು.

ಬೋಟನ್ನು ಮತ್ತೆ ಶೆಡ್ಡಿಗೆ ಎಳೆದು ತಂದ ದಿನ ಶೀನಣ್ಣ ಜೋರು ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಜೋರು ಮಾಡಲಿಲ್ಲ. ತುಂಬ ಮೆಲ್ಲಗೆ ಕೇಳಿದರು.

“ಎಂತ ಆಯ್ತ್ ಮೇಸ್ತ್ರಿ, ನಿಮ್ ಕೈಗೆ?”

ಅಪ್ಪಯ್ಯ ಬೋಟಿನ ಹತ್ತಿರ ಕುಳಿತು ನೋಡುತ್ತಿದ್ದರು. ಎದ್ದು, “ಥಂಡಿ ಹಿಡ್ದಿತ್ತ್ ಶೀನಣ್ಣ. ಇನ್ನೊಂದ್ ದಿನ ಕಾಯ್ಕಿತ್ತ್. ನಂದೇ ತಪ್ಪ್,” ಎಂದರು.

ಥಂಡಿ ಹಿಡಿದಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಎಲ್ಲವೂ ಇತ್ತು. ಹಿಂದಿನ ಎರಡು ದಿನವೂ ಬಿಸಿಲು. ನಾನು ಬಾಯಿ ತೆರೆದೆ. ಅಪ್ಪಯ್ಯ ನನ್ನತ್ತ ನೋಡಿದ ರೀತಿಗೆ ಮುಚ್ಚಿದೆ.

ಅವರು ಒಂದು ವಾರ ಒಬ್ಬರೇ ಕುಳಿತು ಆ ಭಾಗವನ್ನು ಕಿತ್ತು ಹೊಸದಾಗಿ ಹೊಡೆದುಕೊಟ್ಟರು. ಕೀಳುವಾಗ ಅಂಚಿನಲ್ಲಿ ಇನ್ನೂ ಅಂಟಿಕೊಂಡಂತಿದ್ದ ಒಂದು ತುಂಡನ್ನು ಕತ್ತರಿಸಿ ಮನೆಗೆ ತಂದರು. ಅಂಗೈಗಿಂತ ತುಸು ದೊಡ್ಡದು. ಮರುದಿನ ನೋಡಿದರೆ ಜಗಲಿಯಲ್ಲಿ ಕುಳಿತು ಆ ತುಂಡಿನ ಎರಡು ಪದರವನ್ನು ಉಗುರಿನಿಂದ ಬಿಡಿಸಿ, ಗಿಂಡಿಯ ನೀರಿಗೆ ಬೆರಳದ್ದಿ, ಒಂದೊಂದೇ ಹನಿಯನ್ನು ಅದರ ಮೇಲೆ ಬಿಡುತ್ತಿದ್ದರು. ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಬೇಸರಕ್ಕೆ ಏನೋ ಮಾಡುತ್ತಿದ್ದಾರೆ ಎಂದುಕೊಂಡೆ. ನಾನು ಹತ್ತಿರ ಹೋದದ್ದೇ ತಡ, ಬೈರಾಸಿನಿಂದ ಒರೆಸಿ ಪಕ್ಕಕ್ಕಿಟ್ಟರು.

“ಅದನ್ ನಂಗ್ ಕೊಡಿ ಅಪ್ಪಯ್ಯ. ನಾ ಓದೂಕೆ ಹೋಪಲ್ಲಿ ಮಿಷನ್ ಇತ್ತ್, ಟೆಸ್ಟ್ ಮಾಡ್ತೆ. ರೆಸಿನ್ನೇ ಹಾಳಿದ್ದಿರ್ಕ್.”

“ರೆಸಿನ್ ಹಾಳಲ್ಲ ಮಗಾ.”

“ಹಾಂಗಾರೆ ನಿಮ್ ತಪ್ಪಲ್ಲ ಅಂದಾರೂ ತೋರ್ಸ್‌ಲಕ್ಕಲೆ.”

ಅವರು ತುಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಕೊಟ್ಟರು. ಯಾಕೆ ಕೊಟ್ಟರೆಂದು ಇವತ್ತಿಗೂ ಯೋಚಿಸುತ್ತೇನೆ. ಯಂತ್ರಕ್ಕೆ ಅಷ್ಟೆಲ್ಲ ತಿಳಿಯಲಿಕ್ಕಿಲ್ಲ ಎಂದುಕೊಂಡಿರಬಹುದು. ಅಥವಾ ಯಾವಾಗಲಾದರೂ ನನಗೆ ತಿಳಿಯಲಿ, ಆದರೆ ತನ್ನ ಬಾಯಿಂದ ಬೇಡ ಎಂದಿರಬಹುದು.

ಆ ತಿಂಗಳ ಕೊನೆಗೆ ನಾನು ಹೊರಟೆ. ನನ್ನ ಸಂಶೋಧನೆಯ ವಿಷಯ ಪಾಲಿಮರ್‌ಗಳ ಮೇಲ್ಮೈ. ಪ್ಲಾಸ್ಟಿಕ್, ರೆಸಿನ್, ಬಣ್ಣ ಇವುಗಳ ಒಳಗೆ ಅಣುಗಳು ಹೇಗಿವೆ ಎಂಬುದು ಬೇರೆ, ಅಂಚಿನಲ್ಲಿ, ಇನ್ನೊಂದು ವಸ್ತುವಿಗೆ ತಾಗುವ ಕಡೆ ಹೇಗೆ ನಿಲ್ಲುತ್ತವೆ ಎಂಬುದು ಬೇರೆ. ಅಣುಗಳಲ್ಲಿನ ಬಂಧಗಳು ಸದಾ ಕಂಪಿಸುತ್ತಿರುತ್ತವೆ. ಒಂದೊಂದು ಬಂಧಕ್ಕೆ ಒಂದೊಂದು ಲಯ. ಎರಡು ಲೇಸರ್ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿದರೆ ಮೂರನೆಯ ಬಣ್ಣದ ಒಂದು ಮಸುಕಾದ ಬೆಳಕು ಹುಟ್ಟುತ್ತದೆ. ಅದು ಮೇಲ್ಮೈಯಿಂದ ಮಾತ್ರ ಬರುತ್ತದೆ. ಒಳಗಿನ ಅಣುಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುವುದರಿಂದ ಅವುಗಳ ದನಿ ತಮ್ಮೊಳಗೇ ಅಳಿಸಿಹೋಗುತ್ತದೆ. ಅಂಚಿನಲ್ಲಿರುವ ಅಣುಗಳಿಗೆ ಮಾತ್ರ ದಿಕ್ಕಿರುತ್ತದೆ, ಆದ್ದರಿಂದ ದನಿಯಿರುತ್ತದೆ. ನನ್ನ ಮಾರ್ಗದರ್ಶಕರು ಮೊದಲ ದಿನ ಇದನ್ನು ವಿವರಿಸಿದಾಗ ನನಗೆ ಹೊಸತೆನ್ನಿಸಲಿಲ್ಲ. ಒಂದು ಪದರ ಇನ್ನೊಂದನ್ನು ಹಿಡಿದುಕೊಳ್ಳುವುದು ಮೇಲಿನ ಚರ್ಮದಲ್ಲಿ ಮಾತ್ರ.

ಮೊದಲ ವರ್ಷ ಪಾಠ, ಪರೀಕ್ಷೆ. ಯಂತ್ರ ಮುಟ್ಟಲು ಬಿಡಲಿಲ್ಲ. ಊರಿನಿಂದ ಬರುವ ಸುದ್ದಿ ಒಳ್ಳೆಯದಿರಲಿಲ್ಲ. ಮರು ಮಳೆಗಾಲ ಶೆಡ್ಡಿಗೆ ಬಂದದ್ದು ಎರಡೇ ಸಣ್ಣ ದೋಣಿ. ಮೇಸ್ತ್ರಿ ಕೈ ಹೋಯಿತು ಎಂಬ ಮಾತು ದಕ್ಕೆಯಿಂದ ದಕ್ಕೆಗೆ ನಡೆದಿತ್ತು. ಕೈಗುಣ ಇದೆ ಎಂದವರೇ ಹೋಯಿತು ಎಂದೂ ಹೇಳುತ್ತಾರೆ, ಎರಡಕ್ಕೂ ಪುರಾವೆ ಕೇಳುವುದಿಲ್ಲ. ಅದಾದ ಮೇಲೆ ಅಪ್ಪಯ್ಯ ಶೆಡ್ಡಿಗೆ ಬೀಗ ಹಾಕಿ ಕೋಟೇಶ್ವರದ ಒಂದು ಹಾರ್ಡ್‌ವೇರ್ ಅಂಗಡಿಗೆ ಸೇರಿದರು. ಬೇರೆ ಮೇಸ್ತ್ರಿಗಳಿಗೆ ರೆಸಿನ್ ಡಬ್ಬಿ, ಮ್ಯಾಟ್ ಎತ್ತಿಕೊಡುವ ಕೆಲಸ. ಫೋನಿನಲ್ಲಿ ಕೇಳಿದರೆ ಅಡ್ಡಿಲ್ಲೆ ಎಂದರು.

ಆ ತುಂಡು ಅಷ್ಟು ಕಾಲವೂ ನನ್ನ ಹಾಸ್ಟೆಲ್ ಕಪಾಟಿನಲ್ಲಿ ಅಲ್ಯೂಮಿನಿಯಂ ಹಾಳೆಯೊಳಗಿತ್ತು. ಮೂರನೇ ವರ್ಷದ ದಸರಾ ಹೊತ್ತಿಗೆ ಪರೀಕ್ಷಿಸಿದೆ. ಅದು ಒರಟು, ಬಣ್ಣದ್ದು. ನಮ್ಮ ಲೇಸರ್ ಬೆಳಕು ಅದರ ಮೇಲೆ ಚದರಿಹೋಯಿತು. ಹಾಗಾಗಿ ಪಕ್ಕದ ಕೋಣೆಯ ಸಾದಾ ಇನ್‌ಫ್ರಾರೆಡ್ ಯಂತ್ರಕ್ಕೆ ಹೋದೆ. ಅದು ಒಂದೊಂದು ಬಂಧದ ಲಯಕ್ಕೆ ಒಂದೊಂದು ಗೆರೆ ಬರೆಯುತ್ತದೆ. ಬಿಡಿಸಿದ ಮುಖವನ್ನು ಒಂದೆರಡು ಹನಿ ದ್ರಾವಕದಿಂದ ತೊಳೆದು, ಆ ದ್ರಾವಕವನ್ನು ಆರಿಸಿ, ಉಳಿದದ್ದನ್ನು ನೋಡುವುದು. ನನ್ನ ಮನಸ್ಸಿನಲ್ಲಿದ್ದದ್ದು ಮೇಣ. ಕೆಲವು ರೆಸಿನ್ನುಗಳಿಗೆ ಕಂಪನಿಯವರು ಸ್ವಲ್ಪ ಮೇಣ ಬೆರೆಸುತ್ತಾರೆ. ಹೆಚ್ಚಾದರೆ ಅದು ಮೇಲಕ್ಕೆ ತೇಲಿ ಬಂದು ಮುಂದಿನ ಪದರವನ್ನು ಅಂಟಗೊಡುವುದಿಲ್ಲ. ಹಾಗಾಗಿದ್ದರೆ ಅಪ್ಪಯ್ಯನ ತಪ್ಪಲ್ಲ. ಅದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಗೆರೆ ತೋರಿಸಿ, ಶೀನಣ್ಣನಿಗೆ ಕನ್ನಡದಲ್ಲಿ ವಿವರಿಸುತ್ತೇನೆ ಎಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

ಪರದೆಯ ಮೇಲೆ ಮೊದಲು ಎರಡು ಚೂಪಾದ ಗೆರೆ ಬಂದವು. ಮೇಣಕ್ಕೂ ಬರುತ್ತವೆ, ಎಣ್ಣೆಗೂ ಬರುತ್ತವೆ. ಮೇಣವಾದರೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಬೇಕು. ಮುಗಿಯಲಿಲ್ಲ. ಮುಂದೆ, ಮೇಣದಲ್ಲಿ ಖಾಲಿಯಿರಬೇಕಾದ ಜಾಗದಲ್ಲಿ, ಎತ್ತರವಾಗಿ ಇನ್ನೊಂದು ಗೆರೆ ಎದ್ದಿತು. ರೆಸಿನ್ನಿನದೇ ಗೆರೆ ಇರಬಹುದೇ ಎಂದು ನೋಡಿದೆ. ಅದು ತುಸು ಪಕ್ಕಕ್ಕೆ ಬರುತ್ತದೆ. ಇದು ಎಣ್ಣೆ, ತಿನ್ನುವ ಎಣ್ಣೆ.

ಕೋಣೆಗೆ ಹೋಗಿ ಅಬ್ಬಿ ಕಳಿಸಿದ್ದ ತೆಂಗಿನೆಣ್ಣೆ ಬಾಟಲಿ ತಂದೆ. ಒಂದು ಹನಿ ಇಟ್ಟು ನೋಡಿದೆ. ಎರಡು ಚಿತ್ರವನ್ನೂ ಒಂದರ ಮೇಲೊಂದು ಇಟ್ಟಾಗ ಒಂದೇ ಚಿತ್ರ ಕಾಣಿಸಿತು. ಯಾವ ಗಾಣದ ತೆಂಗಿನೆಣ್ಣೆಯಾದರೂ ಹಾಗೇ ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು. ನೋಟ್‌ಬುಕ್ ತೆಗೆದೆ. ಬಲಬದಿ, ಮೂತಿಯಿಂದ ನಾಲ್ಕನೇ ಹಲಗೆಯ ಕೆಳಗೆ. ಧೂಳು ತೆಗೆದದ್ದು ನಾನು. ಆಗ ತುಂಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ತೊಳೆಯದೆ ಉಳಿದಿದ್ದ ಅರ್ಧದಲ್ಲಿ ಬೆರಳುಗಳ ಗುರುತು ಕಾಣಿಸಿತು. ಮೂರು ಬೆರಳು. ನನ್ನ ಬೆರಳುಗಳನ್ನು ಮೇಲೆ ಇಟ್ಟು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದೆ. ಅಬ್ಬಿ ಬಾವಿಕಟ್ಟೆಯಲ್ಲಿದ್ದಳು. ಅಪ್ಪಯ್ಯ ಜಗಲಿಯಲ್ಲಿ ಕುಳಿತು ಹಬ್ಬಕ್ಕೆಂದು ಗಿಂಡಿ, ಹರಿವಾಣ ಉಜ್ಜುತ್ತಿದ್ದರು. ಪಕ್ಕದಲ್ಲಿ ಕುಳಿತು ಹೇಳಿದೆ.

“ಅಪ್ಪಯ್ಯ, ಆ ತುಂಡ್ ಟೆಸ್ಟ್ ಮಾಡ್ದೆ.”

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಎಣ್ಣೆ ಅಲ್ದಾ?”

“ನಿಮ್ಗ್ ಹ್ಯಾಂಗೆ ಗೊತ್ತಾಯ್ತ್?”

“ಅವತ್ತೇ ನೀರ್ ಬಿಟ್ಟ್ ಕಂಡೆ ಮಗಾ. ನೀರ್ ಗುಂಡಾಯ್ತ್. ಜಿಡ್ಡ್ ಇಲ್ದಿದ್ರೆ ನೀರ್ ಹರ್ಡ್ಕಂತ್, ಇದ್ದಲ್ಲ್ ಗುಂಡಾತ್ತ್. ಗುಂಡಾದ್ ಜಾಗ ಕಂಡ್ರೆ ಅಂಗೈಯಷ್ಟಿತ್ತ್. ಸಣ್ಣ ಅಂಗೈ.” ಗಿಂಡಿಯನ್ನು ಬಿಸಿಲಿಗೆ ಹಿಡಿದು ನೋಡಿದರು. “ನಿಂಗ್ ಇದ್ ತಿಳೂಕೆ ಎಷ್ಟ್ ದಿನ ಬೇಕಾಯ್ತ್?”

“ಎರಡ್ ವರ್ಷ.”

“ಅಷ್ಟ್ ದೊಡ್ ಮಿಷನ್ ಇದ್ದೂ?” ಎಂದು ನಕ್ಕರು. “ನನ್ ಗಿಂಡಿ ನೀರೇ ಸಸಾರ ಹಾಂಗಾರೆ.”

ನನಗೆ ನಗು ಬರಲಿಲ್ಲ. “ಎಂತಕ್ ಹೇಳ್ಲಿಲ್ಲೆ ನೀವ್? ನನ್ ಕೈ ಅಂದೇಳಿ ಶೀನಣ್ಣಂಗ್ ಹೇಳ್ಲಕ್ಕಿತ್ತಲೆ.”

ಅವರು ಬಾವಿಯ ಕಡೆ ನೋಡಿದರು. ರಾಟೆ ಕಿರುಗುಟ್ಟುವ ಸದ್ದು ಬರುತ್ತಿತ್ತು. ದನಿ ತಗ್ಗಿಸಿದರು.

“ನಿನ್ ಕೈಗ್ ಎಣ್ಣೆ ಹಚ್ಚುದ್ ಯಾರ್ ಅಂದೇಳಿ ಈ ಮನಿಯಂಗೆ ಯಾರಿಗ್ ಗೊತ್ತಿಲ್ಲೆ? ಆರ್ ಜನ ಆ ಬೋಟಂಗಿದ್ದಿರ್. ಅದ್ ನಿನ್ ಅಬ್ಬಿಗ್ ಗೊತ್ತಾರೆ ಸಾಯೂ ತನ್ಕ ನೆಟ್ಟಗ್ ಉಣ್ಣುದಿಲ್ಲೆ. ಅದ್ಕ್ ಹೇಳುಕಾಗ. ಯಾವತ್ತೂ ಹೇಳುಕಾಗ.”

“ಊರೆಲ್ಲ ನಿಮ್ ಕೈ ಹೋಯ್ತ್ ಅಂತ್ರಲೆ.”

“ಅಂದ್ಕಣ್ಲಿ,” ಎಂದರು. ಎರಡೂ ಅಂಗೈಯನ್ನು ಮುಂದಕ್ಕೆ ಹಿಡಿದು ತಿರುಗಿಸಿ ನೋಡಿಕೊಂಡರು. ಹುಣಸೆಹುಳಿಯಲ್ಲಿ ನೆನೆದು ಬೆಳ್ಳಗಾಗಿದ್ದವು. “ನಂದೆಂತ, ಇನ್ನೆಷ್ಟ್ ವರ್ಷ. ಅಡ್ಡಿಲ್ಲೆ.”

ಅಬ್ಬಿ ಕೊಡಪಾನ ತುಂಬಿಸಿಕೊಂಡು ಬಂದು, “ಎಂತ ಗುಸುಗುಸು ಅಪ್ಪ ಮಗಳದ್ದ್?” ಎಂದಳು. “ನಿನ್ ಮಗಳಿಗ್ ಪಾತ್ರೆ ತಿಕ್ಕುಕೆ ಹೇಳ್ಕೊಡ್ತಾ ಇದ್ದೆ,” ಎಂದರು ಅಪ್ಪಯ್ಯ.

ಆ ಬಳಿಕ ನಾವಿಬ್ಬರೂ ಆ ವಿಷಯ ಮಾತಾಡಲಿಲ್ಲ. ಪ್ರಯೋಗಾಲಯದಲ್ಲಿ ನಾನು ಶುದ್ಧ ರೆಸಿನ್ನಿನ ತೆಳುಪದರ ಮಾಡಿ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಂಗಿನೆಣ್ಣೆ ಹರಡಿ, ಲೇಸರ್ ಕಿರಣದಲ್ಲಿ ನೋಡಿದೆ. ಎಣ್ಣೆಯ ಅಣುಗಳು ಬಾಲವನ್ನು ಹೊರಕ್ಕೆ ಚಾಚಿ ಸಾಲಾಗಿ ನಿಂತಿದ್ದವು. ಮೇಲಿಂದ ಬರುವ ಯಾವುದನ್ನೂ ಕೆಳಗಿನದನ್ನು ಮುಟ್ಟಗೊಡದ ಹಾಗೆ. ನನ್ನ ಪ್ರಬಂಧದಲ್ಲಿ ಅದೊಂದು ಅಧ್ಯಾಯವಾಯಿತು. ಈ ಪ್ರಯೋಗ ಮಾಡಲು ಹೇಗೆ ಹೊಳೆಯಿತು ಎಂದು ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೇಳಿದರು. ಕರಾವಳಿಯಲ್ಲಿ ಬೆಳೆದವಳು, ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಎಂದೆ. ಎಲ್ಲರೂ ನಕ್ಕರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪಯ್ಯ ಹೋದರು. ಎರಡು ದಿನದ ಜ್ವರ, ಅಷ್ಟೇ. ಹದಿಮೂರನೇ ದಿನದ ಊಟಕ್ಕೆ ದಕ್ಕೆಯವರೂ ಬಂದಿದ್ದರು. ಕೈತೊಳೆಯುವಲ್ಲಿ ಯಾರೋ, “ಅಂಥ ಕೆಲಸ್ಗಾರ ಇನ್ ಹುಟ್ಟುದಿಲ್ಲೆ. ಕಡಿಗೊಂದ್ ಕೈ ಹೋಯ್ತ್, ಪಾಪ,” ಎಂದರು. ಅಬ್ಬಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಹೌದ್. ಕಡಿಕಡಿಗ್ ಅವ್ರಿಗ್ ಗಮ್ನವೇ ಇರ್ಲಿಲ್ಲೆ,” ಎಂದಳು. ನಾನು ಎಲೆ ಎತ್ತುತ್ತಿದ್ದೆ. ಎತ್ತುವುದನ್ನು ಮುಂದುವರಿಸಿದೆ.

ಆ ಮಾತು ಒಂದು ವರ್ಷ ನನ್ನೊಳಗೆ ಇತ್ತು. ಹೋದ ತಿಂಗಳು ಶೆಡ್ಡಿನಿಂದ ರೋಲರು, ಬ್ರಷ್ಷು, ಗ್ರೈಂಡರು ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ಹೊರಗೆ ತರುವಾಗ ಶೀನಣ್ಣ ಹೊಳೆಬದಿಯಿಂದ ಬಂದರು. ತಲೆ ನರೆತಿತ್ತು. ಚೀಲದ ಇನ್ನೊಂದು ತುದಿ ಹಿಡಿದರು. ರಿಕ್ಷಾ ಬರುವವರೆಗೆ ಇಬ್ಬರೂ ಅಲ್ಲೇ ನಿಂತೆವು. ಆಗ ಹೇಳಿಬಿಟ್ಟೆ.

“ಶೀನಣ್ಣ, ಆ ವರ್ಷ ತಪ್ಪಿದ್ ಅಪ್ಪಯ್ಯನ ಕೈ ಅಲ್ಲ. ನಂದ್.”

“ಎಂತ?”

“ಬಲಬದಿ ಧೂಳ್ ತೆಗ್ದದ್ ನಾನ್. ನನ್ ಕೈಯಂಗೆ ಜಿಡ್ಡಿತ್ತ್. ಅದ್ಕೇ ಪದ್ರ ಹಿಡ್ದಿಲ್ಲೆ.”

“ಎಂತ ಜಿಡ್ಡ್?”

ಇಷ್ಟು ವರ್ಷ ಅಳತೆಯಲ್ಲಿ ಒಂದು ಅಂಕಿಯನ್ನೂ ನಾನು ಬದಲಿಸಿದವಳಲ್ಲ. “ಹುರ್ದ್ ಮೀನ್ ತಿಂದ್ ಬಂದಿದ್ದೆ,” ಎಂದೆ. “ಸಮಾ ತೊಳ್ದಿರ್ಲಿಲ್ಲೆ.” ನಮ್ಮಲ್ಲಿ ಮೀನು ಹುರಿಯುವುದೂ ತೆಂಗಿನೆಣ್ಣೆಯಲ್ಲೇ. ಯಂತ್ರಕ್ಕೂ ಈ ಸುಳ್ಳು ಸಿಗುವುದಿಲ್ಲ.

ಶೀನಣ್ಣ ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು.

“ಬೆಳ್ಗಾತ ಏಳ್ ಗಂಟಿಗ್ ಹುರ್ದ್ ಮೀನ್ ತಿಂದದ್ದಾ ಹೆಣೆ?” ಎಂದು ತಲೆಯಲ್ಲಾಡಿಸಿದರು. “ಅಪ್ಪಯ್ಯನ ಹೆಸ್ರ್ ಉಳ್ಸುಕೆ ನೀನ್ ಹೇಳ್ತಾ ಇದ್ದೆ, ನಂಗ್ ಗೊತ್ತಾತಿಲ್ಯಾ? ಮಕ್ಳಂದ್ರೆ ಹಾಂಗೇ ಇರ್ಕ್. ಮೇಸ್ತ್ರಿ ಪುಣ್ಯವಂತ್ರ್.”

“ಸುಳ್ಳಲ್ಲ ಶೀನಣ್ಣ.”

“ಆಯ್ತ್ ಮಾರಾಯ್ತಿ. ಆ ಬೋಟೂ ಮಾರಿ ಆಯ್ತ್, ಅವ್ರೂ ಹೋದ್ರ್. ವಯಸ್ಸಾದ್ಮೇಲೆ ಯಾರ್ ಕೈ ಆರೂ ಒಂದಿನ ತಪ್ಪತ್ತ್. ನಾ ಮನ್ಸಂಗ್ ಇಟ್ಕಂಡಿಲ್ಲೆ ಅದನ್ನ.” ಚೀಲವನ್ನು ಎತ್ತಿ ರಿಕ್ಷಾಕ್ಕೆ ಹಾಕಿಕೊಟ್ಟರು.

ಸರಿಯಾದ ಕಾರಣ ಹೇಳಿದ್ದರೆ ಅವರು ನಂಬುತ್ತಿದ್ದರು. ಹೇಳುವಂತಿರಲಿಲ್ಲ. ತಲ್ಲೂರಿಗೆ ಬರುವವರೆಗೂ ಗ್ರೈಂಡರಿನ ತೂಕ ನನ್ನ ಕಾಲಿಗೆ ಒತ್ತುತ್ತಿತ್ತು.

ಅಬ್ಬಿ ಜಗಲಿಯಲ್ಲಿ ಕಾಯುತ್ತಿದ್ದಳು. ಚೀಲ ಬಿಚ್ಚಿ ರೋಲರನ್ನು ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಒಳಗಿಟ್ಟಳು.

“ಯಾರಾರೂ ಸಿಕ್ಕಿರಾ?”

“ಶೀನಣ್ಣ ಸಿಕ್ಕಿರ್.”

“ಎಂತ ಹೇಳ್ರ್?”

“ಅಪ್ಪಯ್ಯ ಪುಣ್ಯವಂತ್ರ್ ಅಂದ್ರ್.”

ಅಬ್ಬಿ ಚೀಲದ ಬಾಯಿ ಕಟ್ಟಿದಳು. ಆಮೇಲೆ ನನ್ನ ಕೈ ಅವಳ ಕಣ್ಣಿಗೆ ಬಿತ್ತು. ಪ್ರಯೋಗಾಲಯದ ದ್ರಾವಕಗಳಿಂದ ಬೆರಳ ತುದಿಗಳು ಈಗಲೂ ಬಿರಿದೇ ಇರುತ್ತವೆ. ಅವಳು ಒಳಗೆ ಹೋಗಿ ಬಾಟಲಿ ತಂದಳು.

“ಕೈ ಕೊಡ್ ಇಲ್ಲ್. ಎಷ್ಟ್ ಓದ್ರೂ ಕೈ ಕಾಂಬುಕೆ ಬತ್ತಿಲ್ಲೆ ನಿಂಗೆ.”

ಕೊಟ್ಟೆ. ಅವಳು ಒಂದೊಂದೇ ಬೆರಳನ್ನು ಹಿಡಿದು ಬುಡದಿಂದ ತುದಿಗೆ ನೀವಿದಳು. ಬಿರಿದ ಜಾಗಕ್ಕೆ ಎಣ್ಣೆ ತಾಗಿ ಹಿತವಾಯಿತು. ಅಂದಿನಷ್ಟೇ ಹಿತ. ಮುಗಿದ ಮೇಲೆ, “ಊಟಕ್ ಬಾ, ಕೈ ತೊಳ್ಕೊ,” ಎಂದು ಗಿಂಡಿ ಎತ್ತಿ ನನ್ನ ಅಂಗೈ ಮೇಲೆ ನೀರು ಬಿಟ್ಟಳು.

ನೀರು ಗುಂಡಾಯಿತು.